ಹದಿನಾಲ್ಕು ಸಾವಿರ ಕಿಲೋಮೀಟರ್ ಎಂದರೆ ಎಷ್ಟು ಗಂಟೆ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಫೋನನ್ನು ಕೇಳಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ: ಸುಮಾರು 13,990 ಕಿ.ಮೀ. ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿ ನೋಡಿ. ಒಂದು ಕಡೆ ಹದಿನಾರು ಗಂಟೆ ಎಂದಿರುತ್ತದೆ, ಇನ್ನೊಂದು ಕಡೆ ಹದಿನೇಳೂಮುಕ್ಕಾಲು. ಟಿಕೆಟ್ ಪಟ್ಟಿ ತೆರೆದರೆ ಇಪ್ಪತ್ತೆರಡು, ಇಪ್ಪತ್ತಾರು, ಮೂವತ್ತು ಹೀಗೆ ಬೆಳೆಯುತ್ತಾ ಹೋಗುತ್ತದೆ. ದೂರ ಒಂದೇ, ಹೊತ್ತು ಮಾತ್ರ ದಿನಕ್ಕೊಂದು, ದಾರಿಗೊಂದು, ಕಂಪನಿಗೊಂದು.

ಕರ್ನಾಟಕದ ಸಾವಿರಾರು ಮನೆಗಳಲ್ಲಿ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಹೊರಟ ತಾತ, ಇಬ್ಬರೂ ಮೊದಲು ಕೇಳುವುದು ಒಂದೇ ಮಾತು: "ಡೈರೆಕ್ಟ್ ಇದೆಯೇನೋ? ಎಲ್ಲೂ ಇಳಿಯೋ ಹಾಗಿಲ್ಲ ತಾನೆ?" ಸ್ಯಾನ್ ಫ್ರಾನ್ಸಿಸ್ಕೋ ಆಸುಪಾಸಿನ ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಎಂಬ ಹೆಸರುಗಳು ಮೈಸೂರು, ಹಾಸನ, ಹುಬ್ಬಳ್ಳಿಯ ಅಜ್ಜಿಯರ ಬಾಯಲ್ಲಿ ನೆಂಟರ ಊರಿನ ಹೆಸರಿನಷ್ಟೇ ಸಲೀಸಾಗಿ ಬರುತ್ತವೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ' ನಡೆಸುವ ವಿಶ್ವ ಕನ್ನಡ ಸಮ್ಮೇಳನವೇ 2014ರಲ್ಲಿ ಸ್ಯಾನ್ ಹೋಸೆಯಲ್ಲಿ ನಡೆದಿತ್ತು. ಹಾಗಾಗಿ ಈ ಎರಡು ನಿಲ್ದಾಣಗಳ ನಡುವಿನ ಹೊತ್ತನ್ನು ಯಾರು, ಯಾವುದು ನಿರ್ಧರಿಸುತ್ತದೆ ಎಂದು ತಿಳಿದುಕೊಳ್ಳುವುದು ನಮಗೆ ನಿಜಕ್ಕೂ ಬೇಕಾದ ವಿಷಯ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದನ್ನು ಕ್ಯಾಲಿಫೋರ್ನಿಯಾದ ಕರಾವಳಿಗೆ ತಂದು ಬಿಗಿಯಾಗಿ ಎಳೆಯಿರಿ. ಶಾಲೆಯ ಗೋಡೆಯ ಭೂಪಟ ನೋಡಿ ಬೆಳೆದ ನಮಗೆ ಅಮೆರಿಕ ಎಂದರೆ ಪಶ್ಚಿಮ. ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ದಾಟಿದರೆ ಸಿಗುವ ದೇಶ. ಬಿಗಿದ ದಾರ ಆ ಕಡೆ ಹೋಗುವುದೇ ಇಲ್ಲ. ಅದು ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು ಏರುತ್ತದೆ. ತೆಲಂಗಾಣ ದಾಟಿ, ಪ್ರಯಾಗ ಮತ್ತು ಕಾಶಿಯ ನಡುವೆ ಗಂಗೆಯ ಬಯಲಿಗೆ ಬಂದು, ನೇಪಾಳದಲ್ಲಿ ಪೋಖರಾದ ಆಸುಪಾಸಿನಲ್ಲಿ ಅನ್ನಪೂರ್ಣ ಶಿಖರಗಳನ್ನು ಹತ್ತಿ ಟಿಬೆಟ್‌ಗೆ ಇಳಿಯುತ್ತದೆ. ಅಲ್ಲಿಂದ ಚೀನಾದ ವಾಯವ್ಯ ಭಾಗ, ಮಂಗೋಲಿಯಾದ ಪಶ್ಚಿಮ ಭಾಗ, ಬೈಕಲ್ ಸರೋವರದ ಪಶ್ಚಿಮ, ಯಾಕುಟಿಯಾ. ಸೈಬೀರಿಯಾದ ಉತ್ತರ ತೀರದ ಹತ್ತಿರ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕಾದ ಮೇಲೆ ಹಾದು, ಪೆಸಿಫಿಕ್ ಅಂಚಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿಯುತ್ತದೆ. 13,990 ಕಿ.ಮೀ. ಎಂಬ ಸಂಖ್ಯೆ ಈ ದಾರದ ಉದ್ದ. ದುಂಡಗಿನ ಭೂಮಿಯ ಮೇಲೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ದೊಡ್ಡ ಜೆಟ್ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಹಾರುತ್ತದೆ. ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಆದರೆ ವಿಮಾನ ಈ ದಾರದ ಗುಂಟ ಹಾರುವಂತಿಲ್ಲ. ಮೊದಲ ತಡೆ ಟಿಬೆಟ್.

ವಿಮಾನಕ್ಕೆ ಎವರೆಸ್ಟ್ ದಾಟುವುದು ಕಷ್ಟವಲ್ಲ. ಅದು ಹಾರುವುದೇ ಹತ್ತು, ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ. ಕಷ್ಟ ಬರುವುದು ಒಳಗಿನ ಗಾಳಿಯ ಒತ್ತಡ ಕೈಕೊಟ್ಟಾಗ. ಆಗ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಜೋತುಬೀಳುತ್ತವೆ. ವಿಮಾನ ಮೇಲೇರುವ ಮುನ್ನ ಗಗನಸಖಿಯರು ತೋರಿಸುವ ಆ ಹಳದಿ ಬಟ್ಟಲು ಬಹುತೇಕ ವಿಮಾನಗಳಲ್ಲಿ ಉಸಿರು ಕೊಡುವುದು ಹದಿನೈದು ನಿಮಿಷದ ಆಸುಪಾಸು. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಹತ್ತು ಸಾವಿರ ಅಡಿಗೆ, ಎಂದರೆ ಮೂರು ಕಿಲೋಮೀಟರಿಗೆ ಇಳಿಸಬೇಕು. ಸಹಜವಾಗಿ ಉಸಿರಾಡಬಹುದಾದ ಗಾಳಿ ಇರುವುದು ಅಲ್ಲಿ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯಬೇಕೆಂದರೂ ಕೆಳಗೆ ಜಾಗವಿಲ್ಲ. ಆದ್ದರಿಂದಲೇ ದೂರ ಹೋಗುವ ವಿಮಾನಗಳು ಈ ನಾಡನ್ನು ಸಾಮಾನ್ಯವಾಗಿ ಸುತ್ತುಬಳಸಿ ಹೋಗುತ್ತವೆ. ನೇರ ದಾರಿಯ ಮೇಲೇ ಹಿಮಾಲಯ ಕೂತಿರುವುದರಿಂದ ಬೆಂಗಳೂರಿನ ವಿಮಾನ ಎಡಕ್ಕಾದರೂ ಹೋಗಬೇಕು, ಬಲಕ್ಕಾದರೂ ಹೋಗಬೇಕು.

ಎಡಕ್ಕೆ ಹೋದರೆ ಸಿಗುವುದು ಉತ್ತರ ಧ್ರುವ. ಇಲ್ಲಿ ಒಂದು ಲೆಕ್ಕ ಯಾರು ಬೇಕಾದರೂ ಮಾಡಬಹುದು. ಬೆಂಗಳೂರಿನ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವಕ್ಕೆ 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.6ರಲ್ಲಿ, ಧ್ರುವದಿಂದ ಅಲ್ಲಿಗೆ 52.4 ಡಿಗ್ರಿ. ಕೂಡಿದರೆ 129.2. ಒಂದು ಡಿಗ್ರಿಗೆ 111 ಕಿಲೋಮೀಟರಿಗಿಂತ ತುಸು ಹೆಚ್ಚು ಹಿಡಿದು ಗುಣಿಸಿದರೆ ಸುಮಾರು 14,370 ಕಿ.ಮೀ. ಭೂಮಿಯ ನೆತ್ತಿಯ ಮೇಲೇ ಹಾದುಹೋದರೂ ಹೆಚ್ಚಾಗುವುದು ನಾನೂರು ಕಿಲೋಮೀಟರಿಗೂ ಕಡಿಮೆ! ಬೆಂಗಳೂರಿನಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಹೋಗುವಷ್ಟು. ಧ್ರುವದ ದಾರಿ ಎಂದರೆ ಏನೋ ಸಾಹಸದ ಸುತ್ತು ಎಂದುಕೊಳ್ಳುವವರಿಗೆ ಈ ಲೆಕ್ಕ ಅಚ್ಚರಿ ತರಬಹುದು. ವಾಸ್ತವದಲ್ಲಿ ದೇಶಗಳು ಗುರುತಿಸಿಕೊಟ್ಟ ವಾಯುಮಾರ್ಗಗಳಲ್ಲೇ ಹಾರಬೇಕಾದ್ದರಿಂದ ಅಂಕುಡೊಂಕು ಸೇರಿ ದೂರ ಇನ್ನಷ್ಟು ಬೆಳೆಯುತ್ತದೆ, ಆ ಮಾತು ಬೇರೆ.

ಈ ದಾರಿಯನ್ನು ನಮ್ಮ ಊರಿಗೆ ಮೊದಲು ತೋರಿಸಿದ್ದು ನಾಲ್ವರು ಮಹಿಳೆಯರು. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ವಿಮಾನದ ಕಾಕ್‌ಪಿಟ್‌ನಲ್ಲಿ ಇದ್ದವರು ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಧ್ರುವದ ಮೇಲೆ ಹಾರಿ ಅವರು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ವಿಮಾನ ಇಳಿಸಿದ್ದು 11ರ ಬೆಳಗಿನ ಜಾವ. ವೇಳಾಪಟ್ಟಿಯ ಪ್ರಕಾರ ಹೊರಡುವುದು ರಾತ್ರಿ ಎಂಟೂವರೆ, ಇಳಿಯುವುದು ನಸುಕಿನ ಮೂರೂಮುಕ್ಕಾಲು. ಗಡಿಯಾರಗಳ ವ್ಯತ್ಯಾಸ ಕಳೆದರೆ ಹದಿನೇಳೂಮುಕ್ಕಾಲು ಗಂಟೆ. ಮಹಿಳೆಯರೇ ಹಾರಿಸಿದರು ಎಂಬುದಷ್ಟೇ ಅಂದು ಸುದ್ದಿಯಾಯಿತು. ಅವರು ಮಾಡಿದ ಕೆಲಸದ ಒಳವಿವರ ಅಷ್ಟಾಗಿ ಯಾರೂ ಬರೆಯಲಿಲ್ಲ.

ಧ್ರುವದ ಹತ್ತಿರ ಕಾಂತೀಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಉಪಕರಣಗಳನ್ನು ನಿಜವಾದ ಉತ್ತರಕ್ಕೆ ಹೊಂದಿಸಿಕೊಳ್ಳಬೇಕು. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ಅಷ್ಟು ಉತ್ತರಕ್ಕೆ ಕಾಣಿಸುವುದಿಲ್ಲ. ಹಳೆಯ ಎಚ್‌ಎಫ್ ರೇಡಿಯೊ ಮೇಲೆ ಆತುಕೊಳ್ಳಬೇಕು, ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಅದೂ ಕೆಡುತ್ತದೆ. ಎಲ್ಲಕ್ಕಿಂತ ಸೂಕ್ಷ್ಮ ಸಂಗತಿ ಇಂಧನದ್ದು. ವಿಮಾನಕ್ಕೆ ಹಾಕುವ ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲಿನ ಗಾಳಿ ಕೆಲವೊಮ್ಮೆ ಮೈನಸ್ 70ರ ಹತ್ತಿರ ಇಳಿಯುತ್ತದೆ. ರೆಕ್ಕೆಯೊಳಗಿನ ಟ್ಯಾಂಕಿನ ಉಷ್ಣಾಂಶದ ಮೇಲೆ ಕಣ್ಣಿಟ್ಟೇ ಹಾರಬೇಕು. ತೀರಾ ತಣ್ಣಗಾಗುತ್ತಿದೆ ಎನಿಸಿದರೆ ಬೆಚ್ಚಗಿನ ಗಾಳಿ ಇರುವ ಕೆಳಗಿನ ಎತ್ತರಕ್ಕೆ ಇಳಿಯಬೇಕು, ಇಲ್ಲವೆ ವೇಗ ಹೆಚ್ಚಿಸಬೇಕು. ನಮ್ಮ ಅಜ್ಜಿ ಕಂಬಳಿ ಹೊದ್ದು ತೂಕಡಿಸುತ್ತಿರುವಾಗ ಮುಂದೆ ಕೂತವರು ಈ ಉಷ್ಣಾಂಶವನ್ನು ನೋಡುತ್ತಿರುತ್ತಾರೆ.

ಗಾಳಿ ಕೊಡುವ ಗಂಟೆಗಳು

ಇನ್ನು ಬಲಗಡೆಯ ದಾರಿ, ಪೆಸಿಫಿಕ್ ಕಡೆಯದು. ದೂರ ಹೆಚ್ಚಾದರೆ ಹೊತ್ತು ಹೆಚ್ಚು ಎಂಬ ನಂಬಿಕೆಯನ್ನು ಬುಡಮೇಲು ಮಾಡಿದ ಹಾರಾಟವೊಂದು 2016ರ ಅಕ್ಟೋಬರ್‌ನಲ್ಲಿ ನಡೆಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಮೇಲೆ ಹೋಗುತ್ತಿದ್ದ ಏರ್ ಇಂಡಿಯಾ ಆ ತಿಂಗಳು ಪೆಸಿಫಿಕ್ ಕಡೆ ತಿರುಗಿತು. ಹಳೆಯ ದಾರಿ ಸುಮಾರು 13,900 ಕಿ.ಮೀ., ಹೊಸದು ಸುಮಾರು 15,300. ಸಾವಿರದ ನಾನೂರು ಕಿಲೋಮೀಟರ್ ಹೆಚ್ಚು ಹಾರಿದ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು. ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಉಳಿತಾಯ. ಅಟ್ಲಾಂಟಿಕ್ ಕಡೆ ಗಂಟೆಗೆ 24 ಕಿ.ಮೀ. ಎದುರುಗಾಳಿ, ಪೆಸಿಫಿಕ್ ಕಡೆ ಗಂಟೆಗೆ 138 ಕಿ.ಮೀ. ಬೆನ್ನುಗಾಳಿ ಎಂಬುದು ಅಂದು ಕೊಟ್ಟ ಲೆಕ್ಕ. ಹೊಳೆ ಹರಿಯುವ ಕಡೆಗೆ ಬಿಟ್ಟ ತೆಪ್ಪದ ಹಾಗೆ, ವಿಮಾನದ ವೇಗಕ್ಕೆ ಗಾಳಿಯ ವೇಗವೂ ಸೇರಿಕೊಂಡಿತು.

ಈ ಗಾಳಿಯ ಹೆಸರು ಜೆಟ್ ಸ್ಟ್ರೀಮ್. ಹತ್ತು ಕಿಲೋಮೀಟರ್ ಎತ್ತರದ ಸುಮಾರಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಭೂಮಿಯನ್ನು ಸುತ್ತುವ ಈ ಪ್ರವಾಹ ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ ಮುನ್ನೂರು ಕಿಲೋಮೀಟರನ್ನೂ ಮೀರುವುದುಂಟು. ಜಪಾನಿನ ಹವಾಮಾನ ತಜ್ಞ ವಾಸಬುರೊ ಓಯಿಶಿ 1920ರ ದಶಕದಲ್ಲೇ ಬಲೂನು ಹಾರಿಬಿಟ್ಟು ಇದನ್ನು ಅಳೆದಿದ್ದರು. ಜಗತ್ತಿಗೆಲ್ಲ ಅರ್ಥವಾಗಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಬಹಳ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಜಪಾನಿನ ಮೇಲೆ ಇದೇ ಗಾಳಿಗೆ ಸಿಕ್ಕಿ ತತ್ತರಿಸಿದವು. ಒಳ್ಳೆಯ ವಿಜ್ಞಾನ ಓದುಗರಿಲ್ಲದೆ ಕಾಯಬೇಕಾಯಿತಲ್ಲ ಎಂದು ಈ ಕತೆ ನೆನೆದಾಗಲೆಲ್ಲ ಮನಸ್ಸು ನೋಯುತ್ತದೆ.

ಬೋಯಿಂಗ್ 777-200ಎಲ್‌ಆರ್ 2005ರ ನವೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ ಉದ್ದದ ದಾಖಲೆ ಬರೆದಾಗಲೂ ಇದೇ ಗಾಳಿಯನ್ನು ಬಳಸಿಕೊಂಡಿತು. ಪಶ್ಚಿಮಕ್ಕೆ ಹತ್ತಿರದ ದಾರಿ ಬಿಟ್ಟು ಪೂರ್ವಕ್ಕೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ 21,602 ಕಿ.ಮೀ.ಗಳನ್ನು 22 ಗಂಟೆ 42 ನಿಮಿಷಗಳಲ್ಲಿ ಮುಗಿಸಿತು. ಆದರೆ ಅದು ಪ್ರದರ್ಶನದ ಹಾರಾಟ, ಟಿಕೆಟ್ ಕೊಂಡ ಪ್ರಯಾಣಿಕರನ್ನು ತುಂಬಿಕೊಂಡದ್ದಲ್ಲ. ತುಂಬಿದ ವಿಮಾನದ ಕಷ್ಟ ಬೇರೆ. ಈ ಮಾದರಿಯ ವಿಮಾನಕ್ಕೆ ಟ್ಯಾಂಕ್ ತುಂಬಿಸಿದರೆ 1,81,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತದೆ. ತೂಕ ಸುಮಾರು 145 ಟನ್. ಏರಬಹುದಾದ ಗರಿಷ್ಠ ತೂಕ 347 ಟನ್ ಎಂದರೆ, ಐದರಲ್ಲಿ ಎರಡು ಪಾಲು ಬರೀ ಎಣ್ಣೆ. ಕೊನೆಯ ಗಂಟೆಗಳಿಗೆ ಬೇಕಾದ ಇಂಧನವನ್ನು ಮೊದಲ ಗಂಟೆಯಿಂದಲೂ ಹೊತ್ತುಕೊಂಡೇ ಹೋಗಬೇಕು, ಹೊರಲು ಮತ್ತಷ್ಟು ಇಂಧನ ಸುಡಬೇಕು.

ಇಲ್ಲಿ ಬೆಂಗಳೂರಿಗೆ ತನ್ನದೇ ಆದ ಒಂದು ಅಡ್ಡಿ ಇದೆ. ನಾವು ಹೆಮ್ಮೆಪಡುವ ತಂಪು ಹವೆಗೆ ಕಾರಣವಾದ ಎತ್ತರವೇ ಆ ಅಡ್ಡಿ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಮೇಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ ಸಮುದ್ರದ ಅಂಚಿಗೇ ಇದೆ. ಎತ್ತರದಲ್ಲಿ ಗಾಳಿ ತೆಳು, ಬಿಸಿಲೇರಿದರೆ ಇನ್ನೂ ತೆಳು. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ ಸಿಗುತ್ತದೆ. ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಇದ್ದರೂ ಅಷ್ಟು ಭಾರ ಹೊತ್ತು ಏರುವಾಗ ಪ್ರತಿ ಟನ್ನಿಗೂ ಲೆಕ್ಕವಿದೆ. ಎದುರುಗಾಳಿ ಜೋರಾಗಿರುವ ದಿನ ಇಂಧನ ಹೆಚ್ಚು ಬೇಕು. ಆಗ ಸರಕನ್ನೋ ಸೀಟನ್ನೋ ಕಡಿಮೆ ಮಾಡಬೇಕಾಗುತ್ತದೆ.

ಮುಚ್ಚಿದ ಆಕಾಶ

ಬೆಟ್ಟ ಮತ್ತು ಗಾಳಿಗಳ ಜೊತೆ ವಿಮಾನ ಕಟ್ಟುವವರು ಹೇಗೋ ಹೊಂದಿಕೊಂಡರು. ಸರ್ಕಾರಗಳ ಜೊತೆ ಹೊಂದಿಕೊಳ್ಳುವುದು ಅವರ ಕೈಯಲ್ಲಿಲ್ಲ. ಬೆಂಗಳೂರಿನ ಉತ್ತರದ ದಾರಿ ಯಾವ ಕಡೆ ತಿರುಗಿದರೂ ರಷ್ಯಾ ಎದುರಾಗುತ್ತದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಯುನೈಟೆಡ್ ಕಂಪನಿ 2020ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ಸೇವೆ ಘೋಷಿಸಿತ್ತು. ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್‌ನಿಂದ ಬೆಂಗಳೂರಿಗೆ ಹಾರುತ್ತೇನೆ ಎಂದಿತ್ತು. ಮೊದಲು ಕೋವಿಡ್‌ನಿಂದ ಮುಂದೆ ಹೋದ ಈ ಎರಡೂ ಸೇವೆಗಳು ಕೊನೆಗೂ ಶುರುವಾಗಲೇ ಇಲ್ಲ.

ಏರ್ ಇಂಡಿಯಾಗೆ ರಷ್ಯಾದ ಮೇಲೆ ಹಾರಲು ಅಡ್ಡಿ ಇರಲಿಲ್ಲ. ಆದರೆ ಹಾರುವುದು ಬೇರೆ, ಇಳಿಯಬೇಕಾಗಿ ಬರುವುದು ಬೇರೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಾಣಿಸಿಕೊಂಡು, ಅದು ರಷ್ಯಾದ ಪೂರ್ವ ತುದಿಯ ಮಗದಾನ್ ಪಟ್ಟಣದಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಆ ಊರಿನಲ್ಲಿ ಕಂಪನಿಯ ಒಬ್ಬ ನೌಕರನೂ ಇರಲಿಲ್ಲ. ಇಷ್ಟು ಜನಕ್ಕೆ ಹೋಟೆಲ್ ಕೋಣೆಗಳು ಸಾಲದೆ ಶಾಲೆಯ ಕೊಠಡಿಗಳಲ್ಲೂ ಹಾಸಿಗೆ ಹಾಕಿ ಮಲಗಿಸಿದರು. ಮುಂಬೈಯಿಂದ ಕಳಿಸಿದ ಇನ್ನೊಂದು ವಿಮಾನ ಅವರನ್ನು ಗುರಿ ತಲುಪಿಸಿದ್ದು 8ರಂದು. ಮಾತ್ರೆಯ ಡಬ್ಬಿಯನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟ ವಯಸ್ಸಾದವರ ಪಾಡು ಅಂಥಲ್ಲಿ ಏನಾದೀತು ಎಂದು ಊಹಿಸಿಕೊಳ್ಳಿ. ಅದೇನೇ ಇರಲಿ, ಎಂಜಿನ್ ತೊಂದರೆ ಕಂಡೊಡನೆ ಹತ್ತಿರದ ನಿಲ್ದಾಣಕ್ಕೆ ಇಳಿಸಿದ ಪೈಲಟ್‌ಗಳ ತೀರ್ಮಾನ ಸರಿಯಾದದ್ದೇ. ಎರಡೇ ಎಂಜಿನ್ನಿನ ವಿಮಾನ, ಒಂದು ನಿಂತರೆ ಇನ್ನೊಂದರ ಬಲದಲ್ಲೇ ನಿಗದಿತ ನಿಮಿಷಗಳೊಳಗೆ ತಲುಪಬಹುದಾದ ನಿಲ್ದಾಣಗಳನ್ನು ಗುರುತಿಟ್ಟುಕೊಂಡೇ ದಾರಿ ಹಾಕಿಕೊಳ್ಳಬೇಕೆಂಬ ನಿಯಮ ಇರುವುದೇ ಇದಕ್ಕಾಗಿ.

2021ರಲ್ಲಿ ಆರಂಭವಾದ ಬೆಂಗಳೂರಿನ ನೇರ ಸೇವೆ ನಡುವೆ ನಿಂತುಹೋಗಿತ್ತು. 2022ರ ಡಿಸೆಂಬರ್‌ನಲ್ಲಿ ಮರಳಿ ಶುರುವಾಯಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿತು. ಆಮೇಲೆ ಬೆಂಗಳೂರು, ಮುಂಬೈಗಳಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನಗಳು ಇಂಧನಕ್ಕಾಗಿ ಕೋಲ್ಕತ್ತಾದಲ್ಲಿ ಇಳಿದು ಹೋಗಬೇಕಾಯಿತು. ಭೂಮಿಯ ಮೇಲಿನ ದಾರದ ಉದ್ದ ಒಂದಿಂಚೂ ಬದಲಾಗಿರಲಿಲ್ಲ. ಎರಡು ದೇಶಗಳ ಜಗಳಕ್ಕೆ ಬೆಲೆ ತೆತ್ತವರು ಮಗುವನ್ನು ನೋಡಲು ಹೊರಟ ಅಜ್ಜ ಅಜ್ಜಿಯರು.

ಇಳಿದು ಹತ್ತುವ ಪಾಡು

ನೇರ ವಿಮಾನ ಸಿಗದಿದ್ದಾಗ ದುಬೈ ಆಗಬಹುದು, ಫ್ರಾಂಕ್‌ಫರ್ಟ್ ಆಗಬಹುದು. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000. ನೇರ ದಾರಿಗಿಂತ ಹೆಚ್ಚಾದದ್ದು ಸಾವಿರದ ಏಳುನೂರು ಕಿಲೋಮೀಟರ್, ಎಂದರೆ ಎರಡು ಗಂಟೆಯ ಹಾರಾಟ. ಆದರೂ ಪ್ರಯಾಣ ನಾಲ್ಕಾರು ಗಂಟೆ ಹಿಗ್ಗುತ್ತದೆ. ಮತ್ತೊಮ್ಮೆ ಇಳಿಯುವುದು, ಭದ್ರತಾ ತಪಾಸಣೆಯ ಸಾಲು, ಟರ್ಮಿನಲ್ ಬದಲಾವಣೆ, ಕಾಯುವಿಕೆ.

ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಯಾವ ರಾತ್ರಿ ನಿಂತು ನೋಡಿದರೂ ಈ ಪಾಡು ಕಾಣುತ್ತದೆ. ರೇಷ್ಮೆ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡ ಅಮ್ಮ, ಇಪ್ಪತ್ತಮೂರು ಕಿಲೋ ಮೀರಿತೆಂದು ಕೌಂಟರ್ ಪಕ್ಕದಲ್ಲೇ ತೆರೆದ ಪೆಟ್ಟಿಗೆ, ಅದರೊಳಗಿಂದ ಹೊರಗೆ ಬಂದ ಚಟ್ನಿಪುಡಿ, ಬಾಣಂತಿ ಲೇಹ್ಯ, ಮಗುವಿನ ಕುಲಾವಿ. ಕಾಲು ಗಟ್ಟಿಯಿದ್ದರೂ ವೀಲ್‌ಚೇರ್ ಕೇಳಿದ್ದಾರೆ. ಇದನ್ನು ದುರುಪಯೋಗ ಎಂದು ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಗಾಲಿಕುರ್ಚಿ ತಳ್ಳುವ ಹುಡುಗ ಅವರಿಗೆ ದಾರಿ ತೋರುವ ಕಣ್ಣು, ಇಂಗ್ಲಿಷ್ ಆಡುವ ಬಾಯಿ. ಗೇಟ್ ಎಲ್ಲಿ ಎಂದು ಪರದೇಶದಲ್ಲಿ ಕೇಳಲು ಹಿಂಜರಿಯುವ ಜೀವಗಳಿಗೆ ಬೇರೆ ಏರ್ಪಾಡು ನಾವು ಮಾಡಿಲ್ಲ. ನೇರ ವಿಮಾನವನ್ನು ಐಷಾರಾಮ ಎನ್ನುವುದನ್ನೂ ಇದೇ ಕಾರಣಕ್ಕೆ ನಾನು ಒಪ್ಪಲಾರೆ. ಹದಿನಾರು ಗಂಟೆ ಒಂದೇ ಸೀಟಿನಲ್ಲಿ ಕೂರುವುದು ಕಷ್ಟವೇ. ಎರಡು ಗಂಟೆಗೊಮ್ಮೆ ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಆದರೂ ಎಪ್ಪತ್ತು ದಾಟಿದವರಿಗೆ ಅದು ನಡುರಾತ್ರಿ ಅಪರಿಚಿತ ನಿಲ್ದಾಣದಲ್ಲಿ ದಿಕ್ಕು ತಪ್ಪುವುದಕ್ಕಿಂತ ಎಷ್ಟೋ ಮೇಲು.

ತಲುಪಿದ ಮೇಲೆ ಗಡಿಯಾರದ ಕಾಟ. ಎರಡು ಊರುಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ. ಜನವರಿಯ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಹದಿನಾರು ಗಂಟೆ ಹಾರಿದರೆ ಅಲ್ಲಿ ಅದೇ ದಿನದ ಸಂಜೆ ಐದು. ಮರಳುವಾಗ ಒಂದು ತಾರೀಖೇ ಮಾಯವಾಗುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ದೇಹ ರಾತ್ರಿ ಎನ್ನುತ್ತದೆ. ನಿದ್ದೆ ಸರಿಹೋಗಲು ವಾರಕ್ಕೂ ಹೆಚ್ಚು ಬೇಕಾಗುವುದು ಸಾಮಾನ್ಯ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮಾತ್ರೆಯ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕೆಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು.

ಅಪ್ಪ ಅಮ್ಮನಿಗೆ ಟಿಕೆಟ್ ಮಾಡುವ ಮಕ್ಕಳಲ್ಲಿ ಒಂದು ವಿನಂತಿ. ದೂರ ನೋಡಬೇಡಿ, ಅಗ್ಗದ ದರವನ್ನೂ ಕಡೆಗೆ ನೋಡಿ. ಮೊದಲು ಒಟ್ಟು ಗಂಟೆ ಎಷ್ಟು, ವಿಮಾನ ಎಲ್ಲಿ ಇಳಿಯುತ್ತದೆ, ಇಳಿದರೆ ಸೀಟಿನಲ್ಲೇ ಕೂತಿರಬಹುದೋ ವಿಮಾನ ಬದಲಿಸಬೇಕೋ ಎಂದು ಕೇಳಿ. ವೇಳಾಪಟ್ಟಿ ಬದಲಾಗುತ್ತಲೇ ಇರುವುದರಿಂದ ಹೊರಡುವ ವಾರದಲ್ಲಿ ಮತ್ತೊಮ್ಮೆ ನೋಡಿ. ಬದಲಿಸಬೇಕಾದರೆ ನಡುವೆ ಮೂರು ಗಂಟೆಯಾದರೂ ಬಿಡುವು ಇರಲಿ. ಓಡಾಡಲು ಅನುಕೂಲವಾಗುವಂತೆ ನಡುದಾರಿಯ ಪಕ್ಕದ ಸೀಟು ಕೊಡಿಸಿ. ನಾಲ್ಕು ದಿನಕ್ಕಾಗುವಷ್ಟು ಮಾತ್ರೆ, ವೈದ್ಯರ ಚೀಟಿ, ಒಂದು ಸ್ವೆಟರ್ ಕೈಚೀಲದಲ್ಲೇ ಇರಲಿ. ನಿಮ್ಮ ವಿಳಾಸ, ಫೋನ್ ನಂಬರ್, ದಾರಿಯ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದಲ್ಲಿ ಬರೆದ ಒಂದು ಹಾಳೆಯನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಡಿ.